ತಂಬೂರಿ ಮಲಗೋವಷ್ಟು ಉದ್ದದ ಡೀಸೆಲ್ ಗಾಡಿ: ಪುಣೆ–ಧಾರವಾಡ ಓಡಾಟಕ್ಕ ಹಳೇ ಸ್ಕೋಡಾ ಕಾಂಬಿ

ಮೇ 18, ರವಿವಾರ

ಮನಿಯೊಳಗ ಕಡೀಗೂ ತೀರ್ಮಾನ ಆತು, ಇನ್ನ ಮ್ಯಾಲ ತಂಬೂರಿ ಬಸ್ಸಿನ ಡಿಕ್ಕಿಯೊಳಗ ಹೋಗಂಗಿಲ್ಲ. ಹೋದ ತಿಂಗಳು ಧಾರವಾಡದಿಂದ ರಾತ್ರಿ ಬಸ್ಸಿಗೆ ಬರುಮುಂದ ಯಾರದೋ ಕಬ್ಬಿಣದ ಟ್ರಂಕು ಜಾರಿ ಬಂದು ದೊಡ್ಡ ತಂಬೂರಿ ಬುರುಡೆಗೆ ಬಡದಿತ್ತು, ಹಿಂದಿನ ಮಗ್ಗಲಿಗೆ ಒಂದು ಗೇಣು ಸೀಳು. ಮುಂಜಾನೆ ಪುಣೆಯ ಸ್ವಾರಗೇಟ್ ಬಸ್‌ಸ್ಟ್ಯಾಂಡಿನ್ಯಾಗ ಕವರ್ ಬಿಚ್ಚಿ ನೋಡಿದ ಹೆಂಡ್ತಿ ಒಂದು ಮಾತೂ ಆಡ್ಲಿಲ್ಲ, ರಿಕ್ಷಾದಾಗ ಮನಿ ಮುಟ್ಟೋತನಕ ಆ ಸೀಳಿನ ಮ್ಯಾಲ ಕೈ ಇಟ್ಟುಕೊಂಡೇ ಕೂತಿದ್ಲು. ತಂಬೂರಿ ಮಾಡೋ ಮಂದಿ ಇರೋ ಮಿರಜಕ್ಕ ಒಯ್ದು ರಿಪೇರಿ ಮಾಡಿಸ್ಕೊಂಡು ಬಂದೀವಿ, ಧ್ವನಿ ಮೊದಲಿನಂಗೇ ಬಂದದ, ಆದ್ರ ಇನ್ನೊಮ್ಮೆ ಹಂಗ ಆಗಬಾರದು.

ಆಕಿ ತಿಂಗಳಿಗೊಮ್ಮೆ ಗುರುಗಳ ಹತ್ರ ಸಂಗೀತದ ತಾಲೀಮಿಗೆ ಧಾರವಾಡಕ್ಕ ಹೋಗ್ತಾಳ, ಹೋಗಿ ಬರೋದು 800 ಕಿಲೋಮೀಟರ್ ಮ್ಯಾಲೇ. ನಮ್ಮ ಸಣ್ಣ ಪೆಟ್ರೋಲ್ ಗಾಡಿಯೊಳಗ ಮುಂದಿನ ಸೀಟು ಮಲಗಿಸಿದ್ರ ಒಂದು ತಂಬೂರಿ ಹೆಂಗೋ ಹಿಡಸ್ತದ, ಎರಡು ಹಿಡಸಂಗಿಲ್ಲ. ಟೇಪ್ ಹಿಡದು ಅಳದೆ, ದೊಡ್ಡ ತಂಬೂರಿ ಕವರ್ ಸಮೇತ ಸರೀ 5 ಅಡಿ. ಸೆಡಾನ್ ಗಾಡಿಗೆ ಡಿಕ್ಕಿ ದೊಡ್ಡದಿದ್ರೂ ಬಾಯಿ ಸಣ್ಣದು. ಎಲ್ಲಾರೂ ಎರ್ಟಿಗಾ ತಗೋ ಅಂತಾರ, ಛಲೋ ಗಾಡೀನೇ, ಆದ್ರ ಮಾರುತಿ 2020ರ ಏಪ್ರಿಲ್‌ದಿಂದ ಡೀಸೆಲ್ ಬಿಟ್ಟ ಮ್ಯಾಲ ಹಳೇ ಡೀಸೆಲ್ ಎರ್ಟಿಗಾಕ್ಕ ರೇಟು ಇಳಿಯೋದೇ ಇಲ್ಲ. ನನ್ನ ಬಜೆಟ್ ರಿಪೇರಿ ಸೇರಿ 3 ಲಕ್ಷ. ಹಂಗಾಗಿ ಸಣ್ಣಂದಿನಿಂದ ಮನಸ್ಸಿನ್ಯಾಗ ಇದ್ದ ಸ್ಟೇಷನ್ ವ್ಯಾಗನ್, ಅಂದ್ರ ಡಿಕ್ಕಿ ಜಾಗಾದ ಮ್ಯಾಲೂ ಛಾವಣಿ ಉದ್ದಕ್ಕ ಚಾಚಿರೋ ಕಾರು, ಹುಡುಕ್ಲಿಕ್ಕೆ ಕೂತೆ.

ನಮ್ಮ ದೇಶದಾಗ ಈ ಜಾತಿ ಗಾಡಿ ಬಂದದ್ದೇ ಕಮ್ಮಿ. 1992ರಾಗ ಟಾಟಾ ಎಸ್ಟೇಟ್ ಬಂತು, ಇಲ್ಲೇ ಪುಣೆಯಾಗ ತಯಾರಾದದ್ದು. ಆಮ್ಯಾಲ ಇಂಡಿಗೋ ಮರೀನಾ, ಫಿಯಟ್ ಸಿಯೆನಾ ವೀಕೆಂಡ್, ಓಪೆಲ್ ಕೋರ್ಸಾ ಸ್ವಿಂಗ್, ಬಲೇನೋ ಆಲ್ಟುರಾ, ಸ್ಕೋಡಾ ಆಕ್ಟೇವಿಯಾ ಕಾಂಬಿ (ಸ್ಟೇಷನ್ ವ್ಯಾಗನ್ನಿಗೆ ಸ್ಕೋಡಾದವ್ರು ಕಾಂಬಿ ಅಂತಾರ). ಯಾವುದೂ ಭಾಳ ದಿನ ನಿಲ್ಲಲಿಲ್ಲ. ಮಂದಿಗೆ ಎತ್ತರದ ಗಾಡಿ ಬೇಕು, ಉದ್ದನೆಯದು ಬ್ಯಾಡ. ನನಗಂತೂ ಇದು ಭಾಳ ಅನ್ಯಾಯ ಅನಸ್ತದ, ಯಾಕಂದ್ರ ಕಾರಿನಂಗ ತಗ್ಗಿಗೆ ಕೂತು ಹೈವೇ ಮ್ಯಾಲ ಗಟ್ಟಿಯಾಗಿ ಹೋಗೋ ಗಾಡಿ, ಮತ್ತ ಟೆಂಪೋದಷ್ಟು ಸಾಮಾನು ಹಿಡಸ್ತದ, ಇನ್ನೇನು ಬೇಕು.

ಮೇ 25

ಚಿಂಚವಡದಾಗ ಒಂದು ಮರೀನಾ ನೋಡಿದೆ. ಮರೀನಾದ್ದು ದೊಡ್ಡ ಗುಣ ಏನಂದ್ರ ಅದರ ಎಂಜಿನ್ ಇಂಡಿಕಾದ ಮನೆತನದ್ದು, ಸಾತಾರಾದಿಂದ ಹಾವೇರಿತನಕ ಯಾವ ಗ್ಯಾರೇಜಿನ್ಯಾಗ ನಿಲ್ಲಿಸಿದ್ರೂ ಕೈ ಹಚ್ಚೋ ಮಂದಿ ಸಿಗ್ತಾರ. ಆದ್ರ ಈ ಗಾಡಿ ಚಾಲೂ ಮಾಡಿದ ಕೂಡ್ಲೇ ನೀಲಿ ಹೊಗಿ, ಅಂದ್ರ ಆಯಿಲ್ ಉರೀಲಿಕ್ಕತ್ತದ. ಎಂಜಿನ್ ಓಡುಮುಂದ ಆಯಿಲ್ ಹಾಕೋ ಮುಚ್ಚಳ ಸಡಿಲ ಮಾಡಿದೆ, ಕುಕ್ಕರ್ ಸೀಟಿ ಹಾರಿಧಂಗ ಹಾರ್ಲಿಕ್ಕತ್ತು, ಅಂದ್ರ ಸಿಲಿಂಡರಿನ ಒತ್ತಡ ಕೆಳಗ ಸೋರ್ಲಿಕ್ಕತ್ತದ. ಹಿಂದಿನ ಚಾಕದ ಕಮಾನಿನೊಳಗ ಬೆರಳು ಒತ್ತಿದ್ರ ತಗಡು ಪುಡಿಪುಡಿ. ನಮಸ್ಕಾರ ಹೇಳಿ ಬಂದೆ.

ಜೂನ್ 1

ಒಬ್ಬ ಏಜೆಂಟ್ ಹತ್ರ ಒಂದು ಕಾಂಬಿ, ದಿಲ್ಲಿ ನಂಬರಿಂದು. ಮ್ಯಾಲಿಂದ ನೋಡ್ಲಿಕ್ಕೆ ಕನ್ನಡಿ ಇದ್ಧಂಗ ಇತ್ತು. ದಿಲ್ಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿಗೆ ನಿರ್ಬಂಧ ಇದ್ದದ್ದರಿಂದ ಅಲ್ಲಿ ಗಾಡಿ ಸಸ್ತಾದಾಗ ಈ ಕಡೆ ಬರ್ತಿದ್ವು, ಅದರೊಳಗ ಛಲೋವೂ ಇರ್ತಿದ್ವು, ಅದು ತಪ್ಪಲ್ಲ. ಆದ್ರ ಅಲ್ಲಿಯ ಆರ್‌ಟಿಓದ ಎನ್‌ಓಸಿ (ಗಾಡಿ ಬ್ಯಾರೇ ಕಡೆ ಒಯ್ಯಲಿಕ್ಕೆ ಅಡ್ಡಿ ಇಲ್ಲ ಅನ್ನೋ ಪತ್ರ), ಇಲ್ಲಿ ಮತ್ತ ರಿಜಿಸ್ಟ್ರೇಷನ್, ಮಹಾರಾಷ್ಟ್ರದ ಟ್ಯಾಕ್ಸು, ಎಲ್ಲಾ ಆಮ್ಯಾಲ ನಮ್ಮ ಕೊರಳಿಗೇ. ಎನ್‌ಓಸಿ ತೋರಸ್ರಿ ಅಂದ್ರ ನಾಳೆ ಅಂದ. ಅದಕ್ಕಿಂತ ಹೆಚ್ಚು, ನಾ ಹೋಗೋದ್ರೊಳಗ ಬಾನೆಟ್ ಬೆಚ್ಚಗಿತ್ತು. ಮುಂಜಾನೆ 8ಕ್ಕ ಬರ್ತೀನಿ, ಅಲ್ಲೀತನಕ ಗಾಡಿ ಚಾಲೂ ಮಾಡಬ್ಯಾಡ್ರಿ ಅಂತ ಹಿಂದಿನ ದಿನಾನೇ ಹೇಳಿದ್ದೆ.

ಹಳೇ ಡೀಸೆಲ್ ತಗೊಳ್ಳೋರು ಇದೊಂದು ಬಿಡಬ್ಯಾಡ್ರಿ. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಇಲ್ಲ, ಗಾಳಿಯನ್ನ ಒತ್ತಿ ಒತ್ತಿ ಕಾಯಿಸಿ ಆ ಕಾವಿನಿಂದ್ಲೇ ಡೀಸೆಲ್ ಹೊತ್ತಬೇಕು. ಕಂಪ್ರೆಷನ್ ಕಮ್ಮಿ ಆಗಿದ್ರ, ಇಂಜೆಕ್ಟರ್ ಸೋರ್ತಿದ್ರ, ತಣ್ಣಗಿನ ಎಂಜಿನ್ ಕಾಯಿಸೋ ಗ್ಲೋ ಪ್ಲಗ್ ಹೋಗಿದ್ರ ಅದೆಲ್ಲಾ ಗೊತ್ತಾಗೋದು ತಣ್ಣಗಿದ್ದಾಗಿನ ಮೊದಲ ಹತ್ತು ಸೆಕೆಂಡಿನ್ಯಾಗ. ಒಮ್ಮೆ ಕಾದು ನಿಂತ್ರ ಮುಪ್ಪಿನ ಎಂಜಿನ್ನೂ ಹರೇದಂಗ ಓಡ್ತದ.

ಜೂನ್ 8

ಸಿಕ್ತು. ನಿಗಡಿಯೊಳಗ ರಿಟೈರ್ಡ್ ಅಜ್ಜಾರು, ಒಬ್ಬರೇ ಮಾಲಕರು, 2007ರ ಆಕ್ಟೇವಿಯಾ ಕಾಂಬಿ, 1.9 ಲೀಟರ್ ಟಿಡಿಐ ಡೀಸೆಲ್ ಎಂಜಿನ್, 90 ಹಾರ್ಸ್‌ಪವರ್, ಎಂಎಚ್ 14 ಅಂದ್ರ ಇಲ್ಲೇ ಪಿಂಪರಿ-ಚಿಂಚವಡದ ಪಾಸಿಂಗ್, ಓಡಿದ್ದು 1,78,000 ಕಿಲೋಮೀಟರ್. 15 ವರ್ಷ ಆದ ಮ್ಯಾಲ ಪಾಸಿಂಗ್ ಮಾಡಿಸಿ, ಗ್ರೀನ್ ಟ್ಯಾಕ್ಸ್ ತುಂಬಿ, 2027ರ ಸೆಪ್ಟೆಂಬರ್‌ತನಕ ಆರ್‌ಸಿ ಮುಂದುವರಿಸ್ಯಾರ. ಅವರೇ ಫೋನಿನ್ಯಾಗ ಹೇಳಿದ್ರು, ಮುಂಜಾನೆ ಲಗೂನ ಬಾ, ತಣ್ಣಗಿದ್ದಾಗ ನೋಡು ಅಂತ. ಆ ಮಾತು ಕೇಳಿದಾಗ್ಲೇ ನನಗ ಅರ್ಧ ಮನಸ್ಸಾತು.

ಪಿಂಪರಿಯೊಳಗ ಗ್ಯಾರೇಜ್ ಇಟ್ಟಿರೋ ನಮ್ಮ ಮೆಕ್ಯಾನಿಕ್ ಅಣ್ಣಾರನ್ನೂ ಕರಕೊಂಡು ಹೋಗಿದ್ದೆ, ವಿಜಾಪುರ ಜಿಲ್ಲಾ ಇಂಡಿ ಕಡೆಯವ್ರು, ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮ್ಯಾಲಾತು, ಆದ್ರ ಎಂಜಿನ್ ಕೂಡ ಮಾತಾಡೋದು ಇನ್ನೂ ಕನ್ನಡದಾಗೇ. ಅವರು ಮೊದಲು ಬಾನೆಟ್ ಮ್ಯಾಲ ಅಂಗೈ ಇಟ್ರು. ತಣ್ಣಗ. ಕಿಲ್ಲಿ ತಿರುವಿದ್ರ ಅರ್ಧ ಸುತ್ತಿಗೇ ಹಿಡೀತು, ಒಂದೀಟು ಬೂದಿಬಣ್ಣದ ಹೊಗಿ, ಆಮ್ಯಾಲ ಏನಿಲ್ಲ. ಈ ಎಂಜಿನ್ ಶಬ್ದ ಮಾಡ್ತದ, ಟ್ರ್ಯಾಕ್ಟರ್ ಕುಲದ್ದು, ಆದ್ರ ಶಬ್ದದೊಳಗ ಒಂದು ಲಯ ಇರಬೇಕು, ಎಲ್ಲೂ ಮಾತ್ರಾ ತಪ್ಪಬಾರದು. ಹೆಂಡ್ತಿ ಕಣ್ಣು ಮುಚ್ಚಿ ಕೇಳಿ, ಸರಿ ಅದ, ಎಲ್ಲೂ ಎಡವೋದಿಲ್ಲ ಅಂದ್ಲು. ಅಣ್ಣಾರು ಆಕೀನ್ನ ನೋಡಿ, ವೈನಿಯಾರು ಹೇಳಿದ್ದೇ ಖರೆ, ನಾಲ್ಕೂ ಸಿಲಿಂಡರ್ ಸಮ ಅದಾವ ಅಂದ್ರು.

ಕೂಲಂಟ್ ಡಬ್ಬಿಯೊಳಗ ಎಣ್ಣಿ ಪೊರೆ ಇಲ್ಲ. ಟೈರ್ ಮಗ್ಗಲಿನ ನಾಲ್ಕು ಅಂಕಿ 2316, ಅಂದ್ರ 2016ರ 23ನೇ ವಾರದ್ದು, ಗ್ರಿಪ್ ಎಷ್ಟಿದ್ರೂ ಅವನ್ನ ತಗೀಲೇಬೇಕು. ಮ್ಯಾಲಿನ ಬಟ್ಟಿ ಹಳೇ ಚಪ್ಪರದಂಗ ಜೋತು ಬಿದ್ದದ, ಒಳಗಿನ ಫೋಮ್ ಪುಡಿಯಾಗಿ ತಲಿ ಮ್ಯಾಲ ಉದರ್ತದ, ಈ ಕಾಲದ ಗಾಡಿಗಳಿಗೆ ನಮ್ಮ ಬಿಸಿಲಿನ್ಯಾಗ ಇದು ಇದ್ದದ್ದೇ.

ಆಮ್ಯಾಲ ಅಸಲಿ ಪರೀಕ್ಷಾ. ಹಿಂದಿನ ಸೀಟಿನ ಕೂಡೋ ದಿಂಬು ಮುಂದಕ್ಕ ಮಗಚಿ ಬೆನ್ನು ಮಲಗಿಸಿದ್ರ ನೆಲ ಹೆಚ್ಚುಕಮ್ಮಿ ಸಪಾಟ ಆಗ್ತದ. ಎರಡೂ ತಂಬೂರಿ ಮನಿಯಿಂದ ಒಯ್ದಿದ್ವಿ. ಒಂದರ ಬುರುಡೆ ಮುಂದ, ಇನ್ನೊಂದರದ್ದು ಹಿಂದ, ಎದುರಾಬದುರಾ ಮಲಗಿಸಿದ್ವಿ, ದಂಡಿಗಳು ಮಗ್ಗಲಿಗೆ ಮಗ್ಗಲು. ಡಿಕ್ಕಿ ಬಾಗಿಲು ಹಾಕಿದಾಗ ಬುರುಡೆಗೂ ಬಾಗಿಲಿಗೂ ನಡುವ ನಾಲ್ಕು ಬೆರಳು ಉಳದಿತ್ತು. ಒಂದು ಕಡೆ ಸೀಟು ಹಂಗೇ ಎಬ್ಬಿಸಿ ಒಬ್ಬರು ಕೂಡಬಹುದು. ಅಜ್ಜಾರು ನೋಡ್ಕೋತ ನಿಂತವ್ರು, ಸವಾಯಿ ಗಂಧರ್ವ ಮಹೋತ್ಸವಕ್ಕ ಪ್ರತಿ ವರ್ಷ ಹೋಗ್ತಿದ್ದೆ, ಭೀಮಸೇನ ಜೋಶಿಯವರನ್ನ ಎದುರು ಕೂತು ಕೇಳೀನಿ, ನೀವು ಅವರ ಸೀಮಿಯವ್ರೇನು ಅಂದ್ರು. ಹೌದ್ರಿ, ನಮ್ಮದು ಗದಗ ಕಡೆ ಅಂದೆ. 1,75,000 ಹೇಳಿದ್ದು 1,60,000ಕ್ಕ ಮುಗೀತು.

ಜೂನ್ 21

ಮಾಲಕರ ಹೆಸರು ಬದಲಿ ಮಾಡೋ ಫಾರ್ಮ್ 29, 30 ಎರಡಕ್ಕೂ ಸಹಿ ಆತು, ಇದೇ ರಾಜ್ಯದ ಗಾಡಿ ಆದದ್ದಕ್ಕ ಟ್ಯಾಕ್ಸಿನ ತಂಟೆ ಇಲ್ಲ. ಇನ್ಶೂರೆನ್ಸ್ ನನ್ನ ಹೆಸರಿಗೆ, ಫಾಸ್ಟ್ಯಾಗ್ ಹೊಸಾದು.

ಜೂನ್ 28

ಟೈಮಿಂಗ್ ಬೆಲ್ಟ್, ಅಂದ್ರ ಎಂಜಿನ್ನಿನ ಪಿಸ್ಟನ್ನೂ ವಾಲ್ವೂ ಒಂದೇ ತಾಳಕ್ಕ ಓಡೋಹಂಗ ಇಡೋ ರಬ್ಬರ್ ಪಟ್ಟಿ. ಅಜ್ಜಾರ ಫೈಲಿನ್ಯಾಗಿನ ಬಿಲ್ ಪ್ರಕಾರ 1,02,000 ಕಿಲೋಮೀಟರಿಗೆ ಹಾಕಿಸಿದ್ದು, ಅದಕ್ಕೂ 9 ವರ್ಷ ಆತು. ರಬ್ಬರ್ ನಿಂತಲ್ಲೇ ಮುದಿಯಾಗ್ತದ. ಈ ಎಂಜಿನ್ನಿನ್ಯಾಗ ಬೆಲ್ಟ್ ಹರೀತಂದ್ರ ಪಿಸ್ಟನ್ ಹೋಗಿ ವಾಲ್ವಿಗೆ ಬಡೀತದ, ಗಾಡಿ ಕಿಮ್ಮತ್ತಿನಷ್ಟೇ ರಿಪೇರಿ ಬರ್ತದ, ಅದಕ್ಕ ಬೆಲ್ಟ್ ಹಾಕೋತನಕ ಮನಿಯಿಂದ ಗ್ಯಾರೇಜ್ ಬಿಟ್ಟು ಎಲ್ಲೂ ಓಡಿಸಿಲ್ಲ. ಬೆಲ್ಟ್, ಟೆನ್ಷನರ್, ಪುಲ್ಲಿ, ವಾಟರ್ ಪಂಪ್ ನಾಲ್ಕೂ ಒಮ್ಮೆಲೇ, ಯಾಕಂದ್ರ ಪಂಪ್ ತಿರುಗಿಸೋದೂ ಅದೇ ಬೆಲ್ಟು. ಸಾಮಾನು ಕೂಲಿ ಸೇರಿ 19,500. ನಾಲ್ಕು ಟೈರು, ಅದೂ ಆತು. ಸಣ್ಣಪುಟ್ಟ ಹಳೇ ಸಾಮಾನು ಹುಡುಕೋದು ಈಗ ಕಷ್ಟ ಆಗೇದ, 2025ರ ಫೆಬ್ರುವರಿಯೊಳಗ ಕುದಳವಾಡಿಯ ಗುಜರಿ ಅಂಗಡಿ ಕೆಡವಿದ ಮ್ಯಾಲ ಅಲ್ಲಿಯವ್ರೆಲ್ಲಾ ದಿಕ್ಕಾಪಾಲು, ನಾನಾ ಪೇಠಿನ್ಯಾಗ ಹತ್ತು ಅಂಗಡಿ ತಿರುಗಿದ್ರ ಒಂದು ಸಾಮಾನು.

ಜುಲೈ 6

ಎರಡು ದಿನ ಜೋರು ಮಳಿ, ಹಿಂದಿನ ಎಡಗಡೆ ಕಾಲಿಡೋ ಕಾರ್ಪೆಟ್ ಹಸಿ. ಇದನ್ನ ಸಣ್ಣದು ಅಂತ ಬಿಡ್ಲಿಕ್ಕೆ ಆಗಂಗಿಲ್ಲ, ತಂಬೂರಿ ಬುರುಡೆ ಅಂದ್ರ ಒಣಗಿಸಿದ ಕಾಯಿ, ಗಾಡಿಯೊಳಗ ಶೀತಾ ಹಿಡೀತಂದ್ರ ಅಂಟು ಬಿಡ್ತದ, ಜವಾರಿ, ಅಂದ್ರ ತಂತಿಯ ಝೇಂಕಾರ, ಮಂಕಾಗ್ತದ. ಮೊದಲು ಕಿಡಕಿ ರಬ್ಬರ್ ಅನ್ಕೊಂಡೆ, ಅಲ್ಲ. ಬಾಗಿಲ ಒಳಗಿನ ಪ್ಯಾನೆಲ್ ಬಿಚ್ಚಿದಾಗ ಗೊತ್ತಾತು. ಕಾಚಿನ ಸಂದಿಯಿಂದ ನೀರು ಬಾಗಿಲೊಳಗ ಇಳಿಯೋದು ಸಹಜ, ಕೆಳಗಿನ ತೂತಿನಿಂದ ಹೊರಗ ಹೋಗ್ತದ. ಆದ್ರ ಒಳಗಿನ ತಗಡಿನ ಸುತ್ತ ಇರೋ ಫೋಮ್ ಪಟ್ಟಿ ಇಷ್ಟು ವರ್ಷಕ್ಕ ಸುಟ್ಟ ರೊಟ್ಟಿಯಂಗ ಆಗಿತ್ತು, ಉಗುರು ತಾಗಿದ್ರ ಉದುರ್ತಿತ್ತು, ನೀರು ಹೊರಗ ಹೋಗೋದು ಬಿಟ್ಟು ಅದರ ಸಂದಿಯಿಂದ ಒಳಗ. ಹಳೇದೆಲ್ಲಾ ಕೆರದು, ಸ್ಪಿರಿಟ್ ಹಚ್ಚಿ ಒರಸಿ, ನೀರು ತಡಿಯೋ ಬ್ಯುಟೈಲ್ ರಬ್ಬರ್ ಟೇಪ್ ಸುತ್ತಿದೆ. ಒಂದು ಬಾಗಿಲಿಗೆ ಮೂರು ತಾಸು. ನಾಲ್ಕೂ ಬಾಗಿಲು ಮಾಡೀನಿ, ಯಾಕಂದ್ರ ಒಂದು ಹೋಗೇದ ಅಂದ್ರ ಉಳಿದ ಮೂರೂ ಅದೇ ವಯಸ್ಸಿನವು. ಕಾರ್ಪೆಟ್ ಎಬ್ಬಿಸಿ ಫ್ಯಾನ್ ಇಟ್ಟು ಮೂರು ದಿನ ಒಣಗಿಸಿದ್ವಿ. ಆಮ್ಯಾಲ ಹೆಂಡ್ತಿ ಪೈಪ್ ಹಿಡದು ಅರ್ಧ ತಾಸು ನೀರು ಬಿಟ್ಲು, ನಾ ಒಳಗ ಟಾರ್ಚ್ ಹಿಡದು ಕೂತಿದ್ದೆ. ಒಂದು ಹನಿ ಬರ್ಲಿಲ್ಲ.

ಜುಲೈ 20

ಟ್ರಯಲ್ ಅಂತ ಸಾತಾರಾತನಕ ಹೋಗಿ ಬಂದೆ. ಸಪಾಟ ರಸ್ತೆ ಮ್ಯಾಲ ಛಲೋ, ಆದ್ರ ಖಂಬಾಟಕಿ ಘಾಟ್ ಹತ್ತುಮುಂದ ನಾಲ್ಕನೇ ಗೇರಿನ್ಯಾಗ ಉಸಿರು ಕಟ್ಟಿಧಂಗ ಆತು, ಕಬ್ಬಿನ ಲಾರಿ ಹಿಂದ ಮೂರನೇ ಗೇರಿನ್ಯಾಗೇ ಹತ್ತಬೇಕಾತು. ಟರ್ಬೋ (ಎಂಜಿನ್ನಿಗೆ ಗಾಳಿ ಒತ್ತಿ ತುಂಬೋದು) ಹೋತೇನೋ ಅಂತ ಎದಿ ಧಸಕ್ ಅಂತು. ಅಣ್ಣಾರು ಸ್ಕ್ಯಾನರ್ ಹಚ್ಚಿದ್ರು, ಗಾಳಿ ಅಳಿಯೋ ಸೆನ್ಸರ್ ಕಮ್ಮಿ ತೋರಸ್ತದ, ಎಂಜಿನ್ನಿಗೆ ಗಾಳಿ ಕಮ್ಮಿ ಬರ್ತದ ಅಂತ ತಿಳದು ಕಂಪ್ಯೂಟರ್ ಡೀಸೆಲ್ಲೂ ಕಮ್ಮಿ ಬಿಡ್ತದ. ಜೋಡಿಗೆ ಕಿರಿಬೆರಳಿಗಿಂತ ಸಣ್ಣ ಒಂದು ವ್ಯಾಕ್ಯೂಮ್ ಪೈಪ್, ಮ್ಯಾಲಿಂದ ನೋಡಿದ್ರ ಗಟ್ಟಿ, ಬಗ್ಗಿಸಿದ್ರ ಕೆಳಗ ಕೂದಲೆಳಿಯಷ್ಟು ಸೀಳು. ಹಳೇ ಗಾಡಿ ತಗೊಂಡವ್ರು ಇಂಥಾ ಪೈಪ್ ಎಲ್ಲಾ ಬದಲಿ ಮಾಡಿಸ್ರಿ. ಟರ್ಬೋ ಕೆಟ್ಟದ ಅಂತ ಯಾರಾದ್ರೂ ಹೇಳಿದ್ರ ಮೊದಲು ಸೆನ್ಸರ್, ಪೈಪ್ ಈ ಎರಡು ನೋಡ್ರಿ. 7,200ಕ್ಕ ಮುಗೀತು.

ಆಗಸ್ಟ್ 2, ಶನಿವಾರ

ಮುಂಜಾನೆ 5ಕ್ಕ ಬಿಟ್ವಿ, ಖೇಡ್ ಶಿವಾಪುರ ಟೋಲ್ ದಾಟುಮುಂದ ಇನ್ನೂ ಕತ್ತಲಿ. ತಂಬೂರಿ ಕೆಳಗ ಅವ್ವನ ಹಳೇ ಕೌದಿ ಎರಡು ಪದರ, ಬುರುಡೆ ಸುತ್ತ ಸೈಕಲ್ ಟೈರಿನ ಟ್ಯೂಬಿಗೆ ಜರ ಗಾಳಿ ತುಂಬಿ ಸಿಂಬಿ ಮಾಡಿ ಇಟ್ಟೀವಿ, ದಂಡಿ ಅಲುಗದಂಗ ಕೊಕ್ಕಿಗೆ ಹತ್ತಿ ನೂಲಿನ ಪಟ್ಟಿ. ಬಿಗಿಯಾಗಿ ಕಟ್ಟಬಾರದು, ಅಲುಗಾಡಿದ್ರ ಒಟ್ಟಿಗೆ ಅಲುಗಬೇಕು ಅಂತ ಮಿರಜದಾಗ ಹೇಳಿದ್ರು.

ಖಂಬಾಟಕಿ ನಾಲ್ಕನೇ ಗೇರಿನ್ಯಾಗೇ ಹತ್ತಿತು. ಸಾತಾರಾದಿಂದ ಕಾಗಲ್‌ತನಕ ಆರು ಲೇನಿನ ಕೆಲಸ ನಡದಿತ್ತು, ಹೆಜ್ಜಿಗೊಂದು ಡೈವರ್ಷನ್, ಕರಾಡದ ಹತ್ರ ಅರ್ಧ ತಾಸು ಹೋತು. ಆದ್ರ ಕಾಗಲ್ ದಾಟಿ ಕೊಗನೋಳಿ ಟೋಲಿನಿಂದ ಈ ಕಡೆ ಬಂದ ಮ್ಯಾಲ ಗಾಡಿ ತನ್ನ ಖರೆ ರೂಪ ತೋರಸ್ತು. ಐದನೇ ಗೇರು, 90ರ ಸ್ಪೀಡು, ಎಂಜಿನ್ ಸುತ್ತು ತೋರಸೋ ಟ್ಯಾಕೋ ಮುಳ್ಳು ಎರಡು ಸಾವಿರದ ಆಸುಪಾಸು, ಎಕ್ಸಲರೇಟರ್ ಮ್ಯಾಲ ಕಾಲು ಇಟ್ಟದ್ದೂ ಗೊತ್ತಾಗಂಗಿಲ್ಲ. ತವಂದಿ ಘಾಟಿನ್ಯಾಗ ಗಾಳಿ ಮಳಿ ಎರಡೂ ಇದ್ರೂ ಗಾಡಿ ಅಡ್ಡ ಸರೀಲಿಲ್ಲ, ಎತ್ತರದ ಗಾಡಿಗಳಿಗೆ ಇದು ಬರಂಗಿಲ್ಲ. ಹತ್ತರಗಿಯ ಟೋಲ್ ಹತ್ರ ಹೆಂಡ್ತಿ ಹಿಂದ ಕೂತಾಕಿ ಮಿಯಾ ಮಲ್ಹಾರ ರಾಗದ ಆಲಾಪ ಶುರು ಮಾಡಿದ್ಲು. ಬಸ್ಸಿನ್ಯಾಗ ಒಂದು ದಿನಾನೂ ಆಕಿ ಹಿಂಗ ಹಾಡಿದ್ದಿಲ್ಲ.

ಧಾರವಾಡ ಮುಟ್ಟಿ ಟ್ಯಾಂಕ್ ಮತ್ತ ಫುಲ್ ಮಾಡಿಸಿದೆ. 416 ಕಿಲೋಮೀಟರಿಗೆ 23.1 ಲೀಟರ್, ಅಂದ್ರ ಲೀಟರಿಗೆ 18. ಟ್ಯಾಂಕ್ 55 ಲೀಟರಿಂದು, ಹೋಗಿ ಬಂದ್ರೂ ಒಂದೇ ಟ್ಯಾಂಕಿನ್ಯಾಗ ಮುಗೀತದ. ಇಲ್ಲೀತನಕ ಗಾಡಿ ಕಿಮ್ಮತ್ತು, ರಿಪೇರಿ, ಟೈರ್, ಪೇಪರು ಎಲ್ಲಾ ಸೇರಿ ಒಟ್ಟು 2,31,000 ರೂಪಾಯಿ.

ಗುರುಗಳ ಮನಿ ಪಡಸಾಲಿಯೊಳಗ ಕವರ್ ಬಿಚ್ಚಿದ್ವಿ. ಪುಣೆಯಾಗ ರಾತ್ರಿ ಶ್ರುತಿ ಮಾಡಿಟ್ಟಿದ್ದು. ಸಣ್ಣದರ ಪಂಚಮ ಒಂದು ಕೂದಲೆಳಿಯಷ್ಟು ಇಳದಿತ್ತು, ಹೆಂಡ್ತಿ ತಂತಿ ಕೆಳಗಿನ ಮಣಿ ಜರ ಸರಿಸಿದ್ಲು. ದೊಡ್ಡದು ಹೆಂಗ ಇಟ್ಟಿತ್ತೋ ಹಂಗೇ ಇತ್ತು, ಬಿರಡೆಗೆ ಕೈ ಹಚ್ಚೋದೇ ಬರ್ಲಿಲ್ಲ.

ಮ್ಯಾಲಿನ ಬಟ್ಟಿ ಇನ್ನೂ ಟಾಚಣಿ ಚುಚ್ಚಿ ನಿಲ್ಲಿಸೀನಿ, ದೀಪಾವಳಿ ಮುಂದ ಹೊಲಿಸಬೇಕು.