60ಕ್ಕೆ 60 ಗೆದ್ದರೆ ಅದು ಮೋಸ ಅಲ್ವಾ?

ಮಾರಿಷಸ್‌ನಲ್ಲಿ ಕೆಲಸ ಅಂದಕೂಡಲೇ ನಮ್ಮ ಕಡೆಯವರು ಮೊದಲು ಬೀಚಿನ ಬಗ್ಗೆ ಕೇಳುತ್ತಿದ್ದರು. 2024ರ ನವೆಂಬರ್ ಆದಮೇಲೆ ಅದಕ್ಕಿಂತ ಜಾಸ್ತಿ ಕೇಳುವುದು ಎಲೆಕ್ಷನ್ ಬಗ್ಗೆ. ಚಿಕ್ಕಪ್ಪ ಫೋನಿನಲ್ಲಿ ನೇರವಾಗಿಯೇ ಶುರು ಮಾಡಿದರು: "ಅಲ್ಲ ಕಣೋ, ಇರೋ 60 ಸೀಟಲ್ಲಿ 60ನ್ನೂ ಒಂದೇ ಕಡೆಯವರು ಹೊಡ್ಕೊಂಡ್ರಂತಲ್ಲ. ಅದೆಂಥಾ ಎಲೆಕ್ಷನ್ನೋ? ಪೆಟ್ಟಿಗೆ ಬದಲಾಯಿಸಿರ್ಬೇಕು." ಆಮೇಲೆ ಹಳೇ ಆಫೀಸಿನ ಸ್ನೇಹಿತರು ಕೇಳಿದರು, ರಜೆಗೆ ಬಂದ ನೆಂಟರು ಕೇಳಿದರು. ಪ್ರತಿ ಸಲ ಅರ್ಧ ಉತ್ತರ ಹೇಳುವಷ್ಟರಲ್ಲಿ ಮಾತು ಬೇರೆ ಕಡೆ ಹೋಗಿಬಿಡುತ್ತದೆ. ಪೂರ್ತಿ ಉತ್ತರ ಇಲ್ಲಿದೆ.

ಪೆಟ್ಟಿಗೆ ಯಾರೂ ಬದಲಾಯಿಸಿಲ್ಲ. ಹಾಗೆ ಅನುಮಾನ ಪಡುವವರು ಒಂದು ವಿಷಯ ಯೋಚಿಸಬೇಕು. ಇಲ್ಲಿ 60–0 ಆಗಿದ್ದು ಮೂರು ಸಲ. 1982, 1995, 2024. ಮೂರು ಸಲವೂ ಸೊನ್ನೆ ಸಿಕ್ಕಿದ್ದು ಆಗ ಸರ್ಕಾರ ನಡೆಸುತ್ತಿದ್ದವರಿಗೆ. ಮೋಸ ಮಾಡುವ ಕೀಲಿಕೈ ಇದ್ದವರೇ ಸೋತಿದ್ದಾರೆ. ಅದೂ ಹೇಗೆ ಸೋತರು! 1982ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ತಂದುಕೊಟ್ಟ ಪ್ರಧಾನಿ ಸರ್ ಶಿವಸಾಗರ್ ರಾಮ್‌ಗೂಲಮ್ ತಮ್ಮ ಸ್ವಂತ ಕ್ಷೇತ್ರದಲ್ಲೇ ಸೋತರು. 2024ರಲ್ಲಿ ಪ್ರಧಾನಿ ಪ್ರವಿಂದ್ ಜಗನ್ನಾಥ್ ಕೂಡ ಹಾಗೇ ಸೋತರು.

ಹಾಗಾದರೆ 60–0 ಹೇಗೆ ಆಗುತ್ತದೆ? ಉತ್ತರ ಇರುವುದು ಓಟಿನ ಚೀಟಿಯಲ್ಲಿ.

ಮಾರಿಷಸ್ ದ್ವೀಪವನ್ನು 20 ಕ್ಷೇತ್ರಗಳಾಗಿ ಹಂಚಿದ್ದಾರೆ. ಒಂದೊಂದು ಕ್ಷೇತ್ರಕ್ಕೂ ಒಬ್ಬರಲ್ಲ, ಮೂವರು ಎಂಪಿಗಳು. ಮತದಾರನಿಗೂ ಮೂರು ಓಟು. ಮತಗಟ್ಟೆಯಲ್ಲಿ ಉದ್ದನೆಯ ಒಂದು ಕಾಗದ ಕೊಡುತ್ತಾರೆ. ಇಲ್ಲಿ ಇನ್ನೂ ವೋಟಿಂಗ್ ಮೆಷಿನ್ ಇಲ್ಲ, ಕಾಗದವೇ. ಅದರಲ್ಲಿ ಮೂವರ ಹೆಸರಿನ ಮುಂದೆ ಕ್ರಾಸ್ ಹಾಕಬೇಕು. ಹಾಕಬಹುದು ಅಂತಲ್ಲ, ಹಾಕಲೇಬೇಕು. ನಿಮಗೆ ಒಬ್ಬರೇ ಇಷ್ಟ ಅಂತ ಒಂದೇ ಕ್ರಾಸ್ ಹಾಕಿ ಬಂದರೆ ಆ ಚೀಟಿ ಕುಲಗೆಟ್ಟಿತು. ಲೆಕ್ಕಕ್ಕೇ ಬರುವುದಿಲ್ಲ. ಎಣಿಕೆಯಲ್ಲಿ ಯಾರಿಗೆ ಜಾಸ್ತಿ ಬಂತೋ ಮೊದಲ ಮೂವರು ಗೆದ್ದರು.

ನಮ್ಮ ಗ್ರಾಮ ಪಂಚಾಯಿತಿ ಎಲೆಕ್ಷನ್ ನೋಡಿದವರಿಗೆ ಇದು ಹೊಸದೇನಲ್ಲ. ಅಲ್ಲೂ ಒಂದು ವಾರ್ಡಿಗೆ ಎರಡು, ಮೂರು ಸದಸ್ಯರಿದ್ದರೆ ಅಷ್ಟು ಓಟು ಹಾಕುತ್ತೇವಲ್ಲ. ಆದರೆ ಅಲ್ಲಿ ಸೀಟುಗಳಿಗೆ ಮೀಸಲಾತಿ ಇದೆ, ಪಕ್ಷದ ಗುರುತು ಇಲ್ಲ. ಇಲ್ಲಿ ಪಕ್ಷದ ಗುರುತೇ ಎಲ್ಲ. ಲೇಬರ್ ಪಾರ್ಟಿಗೆ ಕೀಲಿಕೈ, ಬಣ್ಣ ಕೆಂಪು. ಎಂಎಂಎಂಗೆ ಹೃದಯ, ಬಣ್ಣ ನೇರಳೆ. ಜಗನ್ನಾಥ್ ಅವರ ಎಂಎಸ್‌ಎಂಗೆ ಸೂರ್ಯ, ಕಿತ್ತಳೆ ಬಣ್ಣ. ಪಿಎಂಎಸ್‌ಡಿಗೆ ಹುಂಜ, ನೀಲಿ.

ಈಗ ಲೆಕ್ಕ ನೋಡಿ. ಒಂದು ಕ್ಷೇತ್ರದಲ್ಲಿ 100 ಜನ ಮತದಾರರು ಅಂದುಕೊಳ್ಳೋಣ. 55 ಜನ ಒಂದು ಕೂಟದ ಮೂವರಿಗೂ ಸಾಲಾಗಿ ಕ್ರಾಸ್ ಹಾಕಿದರು. 45 ಜನ ಇನ್ನೊಂದು ಕೂಟದ ಮೂವರಿಗೆ ಹಾಕಿದರು. ಮೊದಲ ಮೂರೂ ಸ್ಥಾನ 55 ಪಡೆದವರದ್ದು. ಸೋತ ಮೂವರಿಗೂ ತಲಾ 45 ಓಟು ಬಂದಿದೆ, ಆದರೆ ಒಂದು ಸೀಟೂ ಇಲ್ಲ. ಹೀಗೆ ಮೂವರಿಗೂ ಒಂದೇ ಕಡೆ ಹಾಕಿ ಎಂದು ನಾಯಕರು ಪ್ರತಿ ಸಭೆಯಲ್ಲೂ ಗಂಟಲು ಹರಿದುಕೊಳ್ಳುತ್ತಾರೆ. ಇದಕ್ಕೆ ಇಲ್ಲಿ 'ವೋಟ್ ಬ್ಲೋಕ್' ಅನ್ನುತ್ತಾರೆ. ಜನ ಪೂರ್ತಿ ಕೇಳುವುದಿಲ್ಲ ಅನ್ನಿ. ಎರಡು ಇವರಿಗೆ, ಒಂದು ನಮ್ಮ ಪರಿಚಯದ ಡಾಕ್ಟರಿಗೆ ಅಂತ ಹಂಚುವವರು ಇದ್ದೇ ಇರುತ್ತಾರೆ. ಸಾಮಾನ್ಯ ವರ್ಷಗಳಲ್ಲಿ ಆ ಹಂಚಿಕೆಯಿಂದಲೇ ವಿರೋಧ ಪಕ್ಷದ ಒಬ್ಬಿಬ್ಬರು ನುಸುಳಿ ಬರುತ್ತಾರೆ. ಜನಕ್ಕೆ ಸಿಟ್ಟು ಬಂದ ವರ್ಷ ಯಾರೂ ಹಂಚಲು ಹೋಗುವುದಿಲ್ಲ.

ನಿಜವಾದ ಅಂಕಿ ಬೇಕಾದರೆ, 2024ರಲ್ಲಿ ಗೆದ್ದ ಕೂಟಕ್ಕೆ ಬಂದ ಓಟು ಸುಮಾರು 61%. ಸೋತ ಆಡಳಿತ ಕೂಟಕ್ಕೆ ಸುಮಾರು 27%. ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಹಾಕಿದ ಓಟಿಗೆ ಸಿಕ್ಕಿದ್ದು ಸೊನ್ನೆ. ಇದರಲ್ಲಿ ಅನ್ಯಾಯ ಇದೆಯಾ ಅಂದರೆ ಇದೆ ಅಂತಲೇ ಹೇಳುತ್ತೇನೆ. ಆದರೆ ಅನ್ಯಾಯ ಬೇರೆ, ಮೋಸ ಬೇರೆ.

ಸರಿ, ಒಂದು ಕ್ಷೇತ್ರದಲ್ಲಿ ಹೀಗಾಗುತ್ತದೆ. 20ರಲ್ಲೂ ಒಂದೇ ಥರ ಹೇಗೆ? ಇದಕ್ಕೆ ಊರಿನ ಅಳತೆ ನೋಡಬೇಕು. ಇಡೀ ಮಾರಿಷಸ್ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ಮತದಾರರು ಸುಮಾರು 10 ಲಕ್ಷ. ಉತ್ತರದ ಹಳ್ಳಿಯವನು ಬೆಳಿಗ್ಗೆ ರಾಜಧಾನಿ ಪೋರ್ಟ್ ಲೂಯಿಗೆ ಕೆಲಸಕ್ಕೆ ಬಂದು ಸಂಜೆ ಮನೆ ಸೇರುತ್ತಾನೆ. ಎಲ್ಲರೂ ಕೇಳುವುದು ಅದೇ ರೇಡಿಯೋ, ಬೈಯುವುದು ಅದೇ ಟ್ರಾಫಿಕ್ಕು. ಭಾರತದಲ್ಲಿ ಎಂಥಾ ಅಲೆ ಬಂದರೂ ಯಾವುದಾದರೂ ಒಂದು ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. ಇಲ್ಲಿ ನಿಲ್ಲುವುದಕ್ಕೆ ಜಾಗವೇ ಇಲ್ಲ. ಅಲೆ ನಿಲ್ಲುವುದು ಸಮುದ್ರದಲ್ಲಿ. ಅದಕ್ಕೇ ನೋಡಿ, ಸುಮಾರು 600 ಕಿಲೋಮೀಟರ್ ದೂರದ ರೋಡ್ರಿಗ್ಸ್ ದ್ವೀಪದ ಎರಡು ಸೀಟುಗಳು ಯಾವಾಗಲೂ ಬೇರೆಯೇ ಲೆಕ್ಕ. ಅಲ್ಲಿ ಅವರದೇ ಪಕ್ಷಗಳು. ಅದನ್ನೂ ಸೇರಿಸಿದರೆ ಒಟ್ಟು ಚುನಾಯಿತ ಸೀಟು 62.

2024ರ ಸಿಟ್ಟಿಗೆ ಕಾರಣ ಬೇಕಾದಷ್ಟಿತ್ತು. ಬೆಲೆ ಏರಿಕೆ ಒಂದು. ಎಲೆಕ್ಷನ್‌ಗೆ ಕೆಲವೇ ವಾರ ಇದ್ದಾಗ ಫೋನ್ ಕದ್ದಾಲಿಕೆಯ ಆಡಿಯೋಗಳು ಒಂದೊಂದಾಗಿ ಹೊರಬಂದವು. ರಾಜಕಾರಣಿಗಳು, ಪೊಲೀಸರು, ಪತ್ರಕರ್ತರು ಎಲ್ಲರ ಮಾತೂ ಅದರಲ್ಲಿತ್ತು. ಹಾಕುತ್ತಿದ್ದ ಖಾತೆಯ ಹೆಸರು 'ಮಿಸ್ಯೆ ಮುಸ್ತಾಸ್', ಅಂದರೆ ಮೀಸೆ ಯಜಮಾನರು. ಬಸ್ ಸ್ಟಾಪಿನಲ್ಲಿ, ಕ್ಯಾಂಟೀನಿನಲ್ಲಿ ಬೇರೆ ಮಾತೇ ಇಲ್ಲ. ಸರ್ಕಾರ ಏನು ಮಾಡಬೇಕಿತ್ತೋ, ಮಾಡಿದ್ದು ಮಾತ್ರ ಎಲೆಕ್ಷನ್ ಮುಗಿಯುವ ತನಕ ಸೋಷಿಯಲ್ ಮೀಡಿಯಾ ಬಂದ್ ಅನ್ನುವ ಆದೇಶ! ಜನ ರೊಚ್ಚಿಗೆದ್ದರು. ಒಂದೆರಡು ದಿನದಲ್ಲೇ ಆದೇಶ ವಾಪಸ್. ಮಾರಿಷಸ್ ತನ್ನದು ಅಂತ ಕೇಳುತ್ತಲೇ ಬಂದಿದ್ದ ಚಾಗೋಸ್ ದ್ವೀಪಗಳನ್ನು ಬಿಟ್ಟುಕೊಡುವ ಬಗ್ಗೆ ಬ್ರಿಟನ್ ಜೊತೆ ಒಪ್ಪಂದ ಆಗಿದ್ದು ಅದೇ ಅಕ್ಟೋಬರ್‌ನಲ್ಲಿ. ಬೇರೆ ವರ್ಷ ಆಗಿದ್ದರೆ ಅದೊಂದೇ ಸಾಕಿತ್ತು ಗೆಲ್ಲಲು. ಆ ಗಲಾಟೆಯಲ್ಲಿ ಅದು ಯಾರಿಗೂ ಕಾಣಲಿಲ್ಲ.

ಆ ಸಲ ನಾನೂ ಓಟು ಹಾಕಿದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ! ಕಾಮನ್‌ವೆಲ್ತ್ ದೇಶದ ಪ್ರಜೆ ಇಲ್ಲಿ ಎರಡು ವರ್ಷ ವಾಸವಾಗಿದ್ದು, ಪಟ್ಟಿಯಲ್ಲಿ ಹೆಸರು ಸೇರಿಸಿದರೆ ಮತದಾನದ ಹಕ್ಕಿದೆ. ಸಂವಿಧಾನದಲ್ಲೇ ಇದೆ. ಯಾರಿಗೆ ಹಾಕಿದೆ ಅಂತ ಕೇಳಬೇಡಿ. ಮತಗಟ್ಟೆ ಒಂದು ಶಾಲೆ. ಸಾಲಿನಲ್ಲಿ ನನ್ನ ಮುಂದೆ ಒಬ್ಬರು ಅಜ್ಜಿ ನಿಂತಿದ್ದರು. ಮೂರು ಬೆರಳು ಮಡಚಿ, ಬಿಚ್ಚಿ, ತುಟಿಯಲ್ಲೇ ಮೂರು ಹೆಸರು ಒಪ್ಪಿಸಿಕೊಳ್ಳುತ್ತಿದ್ದರು, ಥೇಟ್ ಪರೀಕ್ಷೆಗೆ ಹೋಗುವ ಮಕ್ಕಳ ಹಾಗೆ. ಇಲ್ಲಿ ಎಣಿಕೆ ನಡೆಯುವುದು ಮಾರನೇ ದಿನ. ಆ ರಾತ್ರಿ ಪೆಟ್ಟಿಗೆಗಳು ಎಲ್ಲಿವೆಯೋ ಅಲ್ಲಿ ಪಕ್ಷಗಳ ಹುಡುಗರು ನಿದ್ದೆಗೆಟ್ಟು ಕಾಯುತ್ತಾರೆ. ಚಿಕ್ಕಪ್ಪನ ಅನುಮಾನ ಇಲ್ಲಿಯವರಿಗೂ ಇದೆ ಅಂತಾಯಿತು.

ಹಾಗಂತ ಇಲ್ಲಿ ಎಲ್ಲ ಶುದ್ಧ ಅಂತ ಹೇಳುತ್ತಿಲ್ಲ. ಪ್ರಚಾರದ ಸಭೆಗೆ ಬಸ್ಸು, ಬಂದವರಿಗೆ ಬಿರಿಯಾನಿ ಇಲ್ಲೂ ಉಂಟು. 2019ರ ಎಲೆಕ್ಷನ್ ಆದಮೇಲೆ ಸೋತ ಅಭ್ಯರ್ಥಿ ಸುರೇನ್ ದಯಾಳ್ ಪ್ರಧಾನಿಯ ಗೆಲುವಿನ ಮೇಲೆಯೇ ಕೇಸು ಹಾಕಿದರು. ಪಿಂಚಣಿ ಏರಿಸುತ್ತೇವೆ ಅಂತ ಹಿರಿಯರಿಗೆ ಮಾತು ಕೊಟ್ಟಿದ್ದು ಲಂಚ ಅನ್ನುವುದು ಒಂದು ವಾದ. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. ಈ ದೇಶಕ್ಕೆ ಇವತ್ತಿಗೂ ಕೊನೆಯ ಕೋರ್ಟು ಅದೇ. 2023ರ ಅಕ್ಟೋಬರ್‌ನಲ್ಲಿ ಪ್ರಧಾನಿಯ ಪರ ತೀರ್ಪು ಬಂತು. ಚುನಾವಣಾ ಭರವಸೆಯೆಲ್ಲ ಲಂಚ ಅಂದರೆ ನಮ್ಮಲ್ಲಿ ಎಷ್ಟು ಸರ್ಕಾರ ಉಳಿಯುತ್ತಿತ್ತು ಅಂತ ಲೆಕ್ಕ ಹಾಕುತ್ತಾ ಕೂತಿದ್ದೆ.

ಈ ಲೆಕ್ಕದ ಇನ್ನೊಂದು ತುದಿ ಮೈತ್ರಿ. ಇಲ್ಲಿ ಒಂದೇ ಪಕ್ಷ ಒಂಟಿಯಾಗಿ ಗೆಲ್ಲುವುದು ಬಹಳ ಕಷ್ಟ. ಹಾಗಾಗಿ ಎಲೆಕ್ಷನ್‌ಗೆ ಮೊದಲೇ ಕೂಟ ಕಟ್ಟಿ, 60 ಟಿಕೆಟ್ ಹಂಚಿಕೊಳ್ಳುತ್ತಾರೆ. 2024ರಲ್ಲಿ ಲೇಬರ್‌ಗೆ 35, ಎಂಎಂಎಂಗೆ 19, ಎರಡು ಸಣ್ಣ ಪಕ್ಷಗಳಿಗೆ ತಲಾ ಮೂರು. ಟಿಕೆಟ್ ಎಷ್ಟೋ ಸೀಟೂ ಅಷ್ಟೇ ಬಂತು. ಒಂದು ಕ್ಷೇತ್ರದ ಮೂವರನ್ನು ಆರಿಸುವಾಗ ಯಾವ ಸಮುದಾಯದವರು ಎಷ್ಟಿದ್ದಾರೆ ಅಂತ ನೋಡಿ ಜೋಡಿಸುತ್ತಾರೆ. ಹಿಂದೂಗಳೊಳಗೆ ಜಾತಿಯನ್ನೂ ನೋಡುತ್ತಾರೆ. ಈ ವಿದ್ಯೆ ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೂಡಿಸಿದ್ದೆಲ್ಲ ಕೂಡುವುದೂ ಇಲ್ಲ. 2014ರಲ್ಲಿ ಲೇಬರ್ ಮತ್ತು ಎಂಎಂಎಂ, ದೇಶದ ಎರಡು ದೊಡ್ಡ ಪಕ್ಷಗಳು, ಒಂದಾದವು. ಲೇಬರ್ ನಾಯಕ ನವೀನ್ ರಾಮ್‌ಗೂಲಮ್ ಹೆಚ್ಚು ಅಧಿಕಾರ ಇರುವ ರಾಷ್ಟ್ರಪತಿ, ಎಂಎಂಎಂ ನಾಯಕ ಪಾಲ್ ಬೆರಾಂಜೆ ಪ್ರಧಾನಿ ಅನ್ನುವ ಒಪ್ಪಂದ. ಕಾಗದದ ಮೇಲೆ ಸೋಲುವ ಮಾತೇ ಇರಲಿಲ್ಲ. ಬಂದಿದ್ದು 13 ಸೀಟು, ಎದುರಾಳಿಗೆ 47. ಕುರ್ಚಿ ಹಂಚಿಕೊಳ್ಳುವುದಕ್ಕೆ ಸಂವಿಧಾನ ತಿದ್ದುತ್ತಾರಂತೆ ಅಂತ ಜನಕ್ಕೆ ಉರಿದುಹೋಗಿತ್ತು. 2019ರಲ್ಲಿ ಇದರ ಉಲ್ಟಾ. ಮೂರು ಕಡೆ ಓಟು ಒಡೆಯಿತು. ಬರೀ 37% ಓಟಿಗೆ ಎಂಎಸ್‌ಎಂ ಕೂಟ 38 ಸೀಟು ಗೆದ್ದಿತು. ನನ್ನನ್ನು ಕೇಳಿದರೆ ಜನ ತಕರಾರು ಎತ್ತಬೇಕಾದ್ದು 60–0ಗಿಂತ ಇಂಥ ಫಲಿತಾಂಶದ ಬಗ್ಗೆ.

"ಹಾಗಾದ್ರೆ ವಿರೋಧ ಪಕ್ಷವೇ ಇಲ್ವಾ?" ಇದು ಮುಂದಿನ ಪ್ರಶ್ನೆ. ಇದೆ, ಸೋತವರಿಂದಲೇ ಮಾಡುತ್ತಾರೆ. 'ಬೆಸ್ಟ್ ಲೂಸರ್' ಅಂತ ಒಂದು ಪದ್ಧತಿ. ಸೋತವರಲ್ಲಿ ಚೆನ್ನಾಗಿ ಓಟು ಪಡೆದ ಎಂಟು ಜನರ ತನಕ ಪಾರ್ಲಿಮೆಂಟಿಗೆ ಸೇರಿಸಿಕೊಳ್ಳಬಹುದು. ಮೂಲ ಉದ್ದೇಶ ಸಮುದಾಯಗಳ ಸಮತೋಲನ. ಅಭ್ಯರ್ಥಿಗಳು ಹಿಂದೂ, ಮುಸ್ಲಿಂ, ಚೀನೀ ಮೂಲದವರು, ಉಳಿದ 'ಜನರಲ್ ಪಾಪ್ಯುಲೇಷನ್' ಈ ನಾಲ್ಕರಲ್ಲಿ ಒಂದನ್ನು ಬರೆದುಕೊಡಬೇಕು. ಯಾವ ಸಮುದಾಯಕ್ಕೆ ಸೀಟು ಕಮ್ಮಿಯಾಗಿದೆಯೋ ಅವರಲ್ಲಿ ಸೋತವರಿಗೆ ಅವಕಾಶ. ವಿಚಿತ್ರ ಅಂದರೆ ಲೆಕ್ಕಕ್ಕೆ ಇವತ್ತಿಗೂ 1972ರ ಜನಗಣತಿಯೇ ಆಧಾರ. ಆಮೇಲೆ ಗಣತಿಯಲ್ಲಿ ಸಮುದಾಯ ಕೇಳುವುದನ್ನೇ ಬಿಟ್ಟುಬಿಟ್ಟರು. ಇಷ್ಟು ಹಳೇ ಅಂಕಿ ಇಟ್ಟುಕೊಂಡು ಸಮುದಾಯ ಬರೆಸಿಕೊಳ್ಳುವುದು ಸರಿಯಲ್ಲ ಅಂತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2012ರಲ್ಲೇ ಹೇಳಿದೆ. ಆದರೂ 60–0 ವರ್ಷದಲ್ಲಿ ವಿರೋಧ ಪಕ್ಷದ ಬೆಂಚಿನಲ್ಲಿ ಮುಖ್ಯ ದ್ವೀಪದಿಂದ ಯಾರಾದರೂ ಕೂರುವುದು ಈ ಬಾಗಿಲಿನಿಂದಲೇ. 2024ರಲ್ಲಿ ವಿರೋಧ ಪಕ್ಷದ ನಾಯಕರಾದ ಜೋ ಲೆಜೊಂಗಾರ್ ಹೀಗೆ ಬಂದವರೇ.

ನಿಜವಾದ ವಿರೋಧ ಪಕ್ಷ ಮಾತ್ರ ಸರ್ಕಾರದೊಳಗೇ ಹುಟ್ಟುತ್ತದೆ. 1982ರಲ್ಲಿ 60–0 ಗೆದ್ದು ಪ್ರವಿಂದ್ ಅವರ ಅಪ್ಪ ಅನಿರುದ್ಧ ಜಗನ್ನಾಥ್ ಪ್ರಧಾನಿ, ಬೆರಾಂಜೆ ಹಣಕಾಸು ಸಚಿವ. ಒಂಬತ್ತು ತಿಂಗಳಿಗೆ ಜಗಳ. 1983ರ ಮಾರ್ಚ್‌ನಲ್ಲಿ ಬೆರಾಂಜೆ ಮತ್ತು ಅವರ ಜೊತೆಯ ಸಚಿವರು ರಾಜೀನಾಮೆ ಎಸೆದರು. ಜಗನ್ನಾಥ್ ಎಂಎಸ್‌ಎಂ ಕಟ್ಟಿ, ಸೋತಿದ್ದ ಲೇಬರ್ ಪಾರ್ಟಿಯನ್ನೇ ಜೊತೆಗೆ ಸೇರಿಸಿಕೊಂಡು, ಅದೇ ಆಗಸ್ಟ್‌ನಲ್ಲಿ ಮತ್ತೆ ಎಲೆಕ್ಷನ್ ಗೆದ್ದರು. 1995ರಲ್ಲಿ ನವೀನ್ ರಾಮ್‌ಗೂಲಮ್ ಮತ್ತು ಬೆರಾಂಜೆ 60–0 ಗೆದ್ದರು. 1997ರಲ್ಲಿ ಬೆರಾಂಜೆಯನ್ನು ನವೀನ್ ಸಂಪುಟದಿಂದ ಕಿತ್ತುಹಾಕಿದರು. ಎದುರಿಗೆ ಬಡಿದಾಡಲು ಯಾರೂ ಇಲ್ಲದಾಗ ಪಕ್ಕದವನ ಮೇಲೆ ಕಣ್ಣು ಹೋಗುತ್ತದೆ ಅಲ್ವಾ? 2024ರಲ್ಲಿ ಒಟ್ಟಿಗೆ ಗೆದ್ದವರೂ ಅದೇ ನವೀನ್, ಅದೇ ಬೆರಾಂಜೆ. 2025ರ ಬಜೆಟ್‌ನಲ್ಲಿ ಪಿಂಚಣಿ ವಯಸ್ಸನ್ನು 60ರಿಂದ ಹಂತಹಂತವಾಗಿ 65ಕ್ಕೆ ಏರಿಸುತ್ತೇವೆ ಅಂದಾಗ, ಓಟು ಹಾಕಿದವರೇ ಬೀದಿಗೆ ಬಂದರು.

ಹೆಸರುಗಳು ಮತ್ತೆ ಮತ್ತೆ ಬರುತ್ತಿವೆ ಅನ್ನಿಸಿತಾ? 1968ರಿಂದ ಈ ದೇಶದ ಪ್ರಧಾನಿ ಕುರ್ಚಿಯಲ್ಲಿ ಕೂತವರು ಒಟ್ಟು ಐದೇ ಜನ. ಅಪ್ಪ ರಾಮ್‌ಗೂಲಮ್, ಮಗ ರಾಮ್‌ಗೂಲಮ್, ಅಪ್ಪ ಜಗನ್ನಾಥ್, ಮಗ ಜಗನ್ನಾಥ್, ಮಧ್ಯದಲ್ಲಿ 2003ರಿಂದ 2005ರ ತನಕ ಬೆರಾಂಜೆ. ಮಗ ಜಗನ್ನಾಥ್ 2017ರಲ್ಲಿ ಎಲೆಕ್ಷನ್ನೇ ಇಲ್ಲದೆ ಅಪ್ಪನ ಕುರ್ಚಿಗೆ ಬಂದರು. ಬೆರಾಂಜೆ ಮಾತ್ರ ಫ್ರೆಂಚ್ ಮೂಲದವರು, ಹಿಂದೂ ಅಲ್ಲದ ಒಬ್ಬರೇ ಪ್ರಧಾನಿ. ಅವರಿಗೂ ಸಿಕ್ಕಿದ್ದು ಒಪ್ಪಂದದ ಪ್ರಕಾರ, ಐದು ವರ್ಷದ ಅವಧಿಯ ಕೊನೆಯ ಎರಡು ವರ್ಷ.

ಈ ಪದ್ಧತಿ ಬದಲಾಯಿಸಿ ಅಂತ ಹೇಳಿದವರು ಕಮ್ಮಿಯೇನಿಲ್ಲ. ದಕ್ಷಿಣ ಆಫ್ರಿಕಾದ ನ್ಯಾಯಾಧೀಶ ಆಲ್ಬಿ ಸ್ಯಾಕ್ಸ್ ಅಧ್ಯಕ್ಷತೆಯ ಆಯೋಗ 2002ರಲ್ಲೇ ಒಂದು ದಾರಿ ತೋರಿಸಿತ್ತು: ಈಗಿನ 62 ಹಾಗೇ ಇರಲಿ, ಓಟಿನ ಪಾಲು ನೋಡಿ ಹಂಚುವ 30 ಸೀಟು ಜೊತೆಗೆ ಸೇರಿಸಿ. ಹಾಗೆ ಮಾಡಿದ್ದರೆ 27% ಪಡೆದವರಿಗೆ ಸೊನ್ನೆ ಬರುತ್ತಿರಲಿಲ್ಲ. 2018ರಲ್ಲಿ ಸರ್ಕಾರ ಸುಧಾರಣೆಯ ಮಸೂದೆ ತಂದಾಗ ಸಂವಿಧಾನ ತಿದ್ದಲು ಬೇಕಾದ ನಾಲ್ಕರಲ್ಲಿ ಮೂರು ಭಾಗ ಬಹುಮತ ಕೂಡಲಿಲ್ಲ. 2024ರಲ್ಲಿ ಗೆದ್ದವರಿಗೆ ಆ ಬಹುಮತ ಬೇಕಾದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು. ಸಿಕ್ಕಿದ್ದು ಮಾತ್ರ ಇದೇ ಮೂರು ಕ್ರಾಸಿನ ಚೀಟಿಯಿಂದ.