ಮಾವನ ಮಾತ್ರೆ, ನನ್ನ ಸ್ವಿಚ್

ಮಣಿಪಾಲದಲ್ಲಿ ನಿನ್ನೆಯಿಂದ ಬಿಡದ ಮಳೆ. ಬೆಳಿಗ್ಗೆ ಲ್ಯಾಬಿಗೆ ಬಂದು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಜೀವಕೋಶಗಳೆಲ್ಲ ಹಸಿರಾಗಿ ಹೊಳೆಯುತ್ತಿದ್ದವು. ಪಕ್ಕದ ತಟ್ಟೆ ಹೆಚ್ಚುಕಡಿಮೆ ಕತ್ತಲು. ಎರಡರಲ್ಲೂ ಒಂದೇ ಮಾನವ ಕೋಶ, ಹಸಿರು ಹೊಳಪು ಕೊಡುವ ಒಂದೇ ಜೀನ್. ಅದನ್ನು ಒಳಗೆ ಸೇರಿಸಿದ್ದು ರೋಗ ಹರಡದಂತೆ ಮಾಡಿದ ಲೆಂಟಿವೈರಸ್. ವ್ಯತ್ಯಾಸ ಇಷ್ಟೇ, ಹೊಳೆಯುವ ತಟ್ಟೆಗೆ ನಿನ್ನೆ ಚೂರು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಹಾಕಿದ್ದೆ. ಜೀನ್ ಆನ್ ಮಾಡುವ ಸ್ವಿಚ್ ಒತ್ತಿದ ಹಾಗೆ.

ಇಲಿ ಜ್ವರ ಬಾರದಿರಲಿ ಅಂತ ನೇಜಿ ನೆಡುವ ದಿನಗಳಲ್ಲಿ ಡಾಕ್ಟರು ಮಾವನಿಗೆ ಬರೆದುಕೊಟ್ಟ ಮಾತ್ರೆಯೂ ಇದೇ ಅಲ್ವಾ! ಊಟ ಆದ ಮೇಲೆ, ಜಾಸ್ತಿ ನೀರು ಕುಡಿದು ನುಂಗುತ್ತಾರೆ.

ಈ ಸ್ವಿಚ್ ಮೂಲದಲ್ಲಿ ಬ್ಯಾಕ್ಟೀರಿಯಾದ್ದು. ಡಾಕ್ಸಿಸೈಕ್ಲಿನ್ ಗುಂಪಿನದೇ ಔಷಧಿಯಾದ ಟೆಟ್ರಾಸೈಕ್ಲಿನ್ ಒಳಗೆ ಬಂದ ಕೂಡಲೇ ಅದನ್ನು ಹೊರಗೆ ದಬ್ಬುವ ಪಂಪ್ ತಯಾರಿಸಲು ಅವು ಇಟ್ಟುಕೊಂಡದ್ದು. ಗೊಸ್ಸೆನ್ ಮತ್ತು ಬುಯಾರ್ಡ್ ಎಂಬ ವಿಜ್ಞಾನಿಗಳು 1992ರಲ್ಲಿ ಅದನ್ನು ಮಾನವ ಕೋಶಕ್ಕೆ ಒಗ್ಗಿಸಿದರು. ಆಗ ಔಷಧಿ ಹಾಕಿದರೆ ಜೀನ್ ಆಫ್ ಆಗುತ್ತಿತ್ತು. 1995ರಲ್ಲಿ ಅದನ್ನೇ ತಿರುಗಿಸಿ ಆನ್ ಆಗುವ ಹಾಗೆ ಮಾಡಿದರು. ಶತ್ರುವನ್ನು ಗುರುತಿಸಲು ಇದ್ದ ಕಾವಲುಗಾರನನ್ನು ಹೀಗೆ ಬಳಸಬಹುದು ಅಂತ ಅವರಿಗೆ ಹೊಳೆದದ್ದೇ ನನಗೆ ದೊಡ್ಡ ವಿಷಯ.

ಔಷಧಿ ತೊಳೆದು ತೆಗೆದರೆ ಕೆಲವು ದಿನಗಳಲ್ಲಿ ಹಸಿರು ಮಂಕಾಗುತ್ತದೆ. ನಾಳೆಯಿಂದ ಅದನ್ನು ನೋಡಬೇಕು. ಇವತ್ತು ಸಂಜೆ ಮಾವನಿಗೆ ಫೋನ್ ಮಾಡಿ, ಈ ಹಸಿರಿನ ಫೋಟೋ ಕಳಿಸುತ್ತೇನೆ.