ಆಪರೇಷನ್ ಆದ ಮೇಲೆ ಕಾಲು ಸುಮ್ಮನಿರದ ರಾತ್ರಿ

ಮಂಗಳೂರಿನ ಸೆಕೆಯಲ್ಲಿ ಆಪರೇಷನ್ ಆಗಿ ಬಂದವರು ರಾತ್ರಿ ಹೊರಳಾಡಿದರೆ ಮನೆಯವರು ನೋವು ಅಂದುಕೊಳ್ಳುತ್ತಾರೆ. ಆದರೆ ಮಲಗಿದ ಕೂಡಲೇ ಮೀನಖಂಡದೊಳಗೆ ಏನೋ ಹರಿದಾಡಿದ ಹಾಗೆ ಆಗಿ, ನಾಲ್ಕು ಹೆಜ್ಜೆ ನಡೆದರೆ ಕಡಿಮೆಯಾಗಿ, ಮಲಗಿದರೆ ಮತ್ತೆ ಶುರುವಾಗುವುದು ರೆಸ್ಟ್‌ಲೆಸ್ ಲೆಗ್ಸ್. ದಯವಿಟ್ಟು ಅವರಿಗೆ "ಸುಮ್ಮನೆ ಮಲಗಿ" ಅನ್ನಬೇಡಿ, ಅದು ಅವರ ಕೈಯಲ್ಲಿಲ್ಲ.

ರಕ್ತ ಹೋಗಿ ದೇಹದ ಕಬ್ಬಿಣ ಇಳಿದಿರಬಹುದು. ಹಿಮೋಗ್ಲೋಬಿನ್ ಒಂದೇ ಸಾಲದು, ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ರಕ್ತಪರೀಕ್ಷೆ ಮಾಡಿಸಿ. ಅದು 75 ng/mLಗಿಂತ ಕಡಿಮೆಯಿದ್ದರೆ ಈ ತೊಂದರೆಗೆ ಕಬ್ಬಿಣ ಕೊಡುವುದುಂಟು. ಗಾಯದ ಉರಿಯೂತದಿಂದ ಫೆರಿಟಿನ್ ಸುಳ್ಳೇ ಏರುತ್ತದೆ, ಹಾಗಾಗಿ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಅನ್ನುವ ಲೆಕ್ಕ) ಕೂಡ ನೋಡಬೇಕು. ಕಬ್ಬಿಣದ ಮಾತ್ರೆ ಚಾ, ಕಾಫಿ ಜೊತೆ ಬೇಡ. ಲಿಂಬೆ ನೀರಿನ ಜೊತೆ ಆಗಬಹುದು.

ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ನಿದ್ದೆ ಬರಲಿ ಅಂತ ನುಂಗುವ ಅಲರ್ಜಿ ಮಾತ್ರೆ, ಎರಡೂ ಕಾಲನ್ನು ಇನ್ನಷ್ಟು ಕೆಣಕುತ್ತವೆ. ವಾಂತಿಗೆ ಒಂಡಾನ್ಸೆಟ್ರಾನ್ ಆಗುತ್ತದಾ ಅಂತ ಡಾಕ್ಟರ ಹತ್ತಿರ ಕೇಳಿ. ಈ ತೊಂದರೆಗೆ ಮೊದಲಿನಿಂದ ಪ್ರಮಿಪೆಕ್ಸೋಲ್ ಮಾತ್ರೆ ತೆಗೆದುಕೊಳ್ಳುವವರು ಆಪರೇಷನ್ನಿಗೆ ಮುಂಚೆಯೇ ಅನಸ್ತೇಶಿಯಾ ಡಾಕ್ಟರಿಗೆ ಹೇಳಲೇಬೇಕು.

ಕಾಲು ತಿಕ್ಕುವ ಮೊದಲು ಎರಡೂ ಮೀನಖಂಡ ಮುಟ್ಟಿ ನೋಡಿ. ಒಂದೇ ಕಾಲು ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಬೇಡಿ, ಬೆಳಗಿನ ತನಕ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.